ಪರದೇಶದವರು ನಮ್ಮ ತಪ್ಪು ತೋರಿಸಿದಾಗ

ಈ ಬಾರಿ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕಾಸರಗೋಡು ಜಿಲ್ಲೆಯವು. ಹೊರಗಿನವರ ಟೀಕೆಯನ್ನು ನಾವು ಹೇಗೆ ಕಾಣಬೇಕು ಎಂಬ ಒಂದೇ ವಿಷಯವನ್ನು ಅವು ಬೇರೆ ಬೇರೆ ಕಡೆಯಿಂದ ಕೇಳಿರುವುದರಿಂದ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನನ್ನ ಮಗ ಜರ್ಮನಿಯಲ್ಲಿ ಉದ್ಯೋಗದಲ್ಲಿದ್ದಾನೆ. ಈ ಸಲ ರಜೆಯಲ್ಲಿ ಊರಿಗೆ ಬರುವಾಗ ಅಲ್ಲಿನ ಸಹೋದ್ಯೋಗಿಯೊಬ್ಬನನ್ನೂ ಕರೆದುಕೊಂಡು ಬಂದಿದ್ದ. ಬೇಕಲ ಕೋಟೆ ನೋಡಿ ಬಂದ ಆ ಹುಡುಗ ರಾತ್ರಿ ಊಟಕ್ಕೆ ಕುಳಿತಾಗ, ಕೋಟೆ ಬಹಳ ಚೆನ್ನಾಗಿದೆ, ಆದರೆ ದಾರಿಯುದ್ದಕ್ಕೂ ತೋಡಿನ ಬದಿಯಲ್ಲಿ ಬಿದ್ದಿರುವ ಪ್ಲಾಸ್ಟಿಕ್ ಇಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲವೇ ಎಂದು ಕೇಳಿದ. ನನ್ನ ತಮ್ಮನಿಗೆ ಸಿಟ್ಟು ಬಂತು. "ಊಟಕ್ಕೆ ಕೂತವನು ಮನೆಯ ಮಾಡು ಸೋರುತ್ತದೆ ಎಂದು ಹೇಳುವುದು ಯಾವ ಮರ್ಯಾದೆ?" ಎಂದು ಅರ್ಧ ಊಟದಲ್ಲೇ ಎದ್ದು ಹೋದ. ಅದೇ ಕಸದ ಬಗ್ಗೆ ಪಂಚಾಯತಿಗೆ ಅರ್ಜಿ ಬರೆದು ಅಲೆದವನೂ ಅವನೇ. ನಾವೇ ದಿನವೂ ಆಡುವ ಮಾತನ್ನು ಪರದೇಶದವನು ಆಡಿದರೆ ಏಕೆ ಇಷ್ಟು ಚುಚ್ಚುತ್ತದೆ? ಇದು ದೇಶಾಭಿಮಾನವೋ, ಬರಿಯ ಹಟವೋ?
– ಓದುಗರು, ಬದಿಯಡ್ಕ

ಉತ್ತರ: ನಿಮ್ಮ ತಮ್ಮನವರ ಸಿಟ್ಟನ್ನು ನಾನು ಹಗುರವಾಗಿ ಕಾಣಲಾರೆ. ಅದರ ಬೇರು ಆ ಊಟದ ಮನೆಯಲ್ಲಿಲ್ಲ, ನಮ್ಮ ಇತಿಹಾಸದಲ್ಲಿದೆ. ಪರದೇಶದವರ ಟೀಕೆ ನಮ್ಮ ಹಿರಿಯರ ಪಾಲಿಗೆ ಬಹುಕಾಲ ಬರಿಯ ಅಭಿಪ್ರಾಯವಾಗಿ ಬರಲಿಲ್ಲ. ಅದು ಅಧಿಕಾರದ ಜೊತೆಗೆ, ಅಧಿಕಾರಕ್ಕೆ ಸಮರ್ಥನೆಯಾಗಿ ಬಂತು. ಜೇಮ್ಸ್ ಮಿಲ್ ಎಂಬಾತ 1817ರಲ್ಲಿ ಬ್ರಿಟಿಷ್ ಇಂಡಿಯಾದ ಇತಿಹಾಸವನ್ನು ಬರೆದ. ಆತ ಭಾರತಕ್ಕೆ ಕಾಲಿಟ್ಟವನಲ್ಲ, ಇಲ್ಲಿನ ಒಂದು ಭಾಷೆಯನ್ನೂ ಬಲ್ಲವನಲ್ಲ. ಆದರೂ ನಮ್ಮ ಸಮಾಜ ಅನಾಗರಿಕವೆಂದು ಆತ ಕೊಟ್ಟ ತೀರ್ಪನ್ನು ಓದಿಕೊಂಡೇ ಕಂಪನಿಯ ಎಳೆಯ ಅಧಿಕಾರಿಗಳು ಇಲ್ಲಿಗೆ ಆಳಲು ಬಂದರು. 1835ರಲ್ಲಿ ಬ್ರಿಟಿಷ್ ಅಧಿಕಾರಿ ಮೆಕಾಲೆ ಭಾರತದ ಶಿಕ್ಷಣದ ಕುರಿತ ತನ್ನ ಟಿಪ್ಪಣಿಯಲ್ಲಿ, ಯುರೋಪಿನ ಒಳ್ಳೆಯ ಗ್ರಂಥಾಲಯವೊಂದರ ಒಂದೇ ಒಂದು ಕಪಾಟು ಭಾರತ ಮತ್ತು ಅರೇಬಿಯಾಗಳ ಇಡೀ ಸಾಹಿತ್ಯಕ್ಕೆ ಸಮ ಎಂದು ಬರೆದ. ಸಂಸ್ಕೃತವಾಗಲಿ ಅರೇಬಿಕ್ ಆಗಲಿ ತನಗೆ ಬಾರದೆಂದು ಅದೇ ಟಿಪ್ಪಣಿಯಲ್ಲಿ ಆತನೇ ಒಪ್ಪಿಕೊಂಡಿದ್ದ. ಪಂಪನನ್ನಾಗಲಿ ಕುಮಾರವ್ಯಾಸನನ್ನಾಗಲಿ ಒಂದು ಸಾಲೂ ಓದದವನ ಆ ಮಾತು ನಮ್ಮ ಶಿಕ್ಷಣದ ದಿಕ್ಕನ್ನೇ ನಿರ್ಧರಿಸಿತು. ಇಂಥ ಅನುಭವವನ್ನು ಕಂಡ ಜನರಿಗೆ ಹೊರಗಿನವನ ಬೆರಳು ತಮ್ಮತ್ತ ತಿರುಗಿದೊಡನೆ ಮೈ ಉರಿಯುವುದು ಅಸಹಜವಲ್ಲ.

ಆದರೆ ಕಾರಣ ತಿಳಿದ ಮೇಲೂ ಅದಕ್ಕೇ ಅಂಟಿಕೊಂಡಿರಬೇಕಾಗಿಲ್ಲ. ಈ ವಿಷಯದಲ್ಲಿ ನನಗೆ ದಾರಿ ತೋರಿಸಿದ್ದು 1927ರ ಒಂದು ಪ್ರಸಂಗ. ಆ ವರ್ಷ ಕ್ಯಾಥರೀನ್ ಮೇಯೊ ಎಂಬ ಅಮೆರಿಕದ ಲೇಖಕಿ 'ಮದರ್ ಇಂಡಿಯಾ' ಎಂಬ ಪುಸ್ತಕವನ್ನು ಪ್ರಕಟಿಸಿದಳು. ಬಾಲ್ಯವಿವಾಹ, ಹೆರಿಗೆಯ ಕೋಣೆಯ ಕೊಳಕು, ಅಸ್ಪೃಶ್ಯತೆ, ಇವನ್ನೆಲ್ಲ ಒಂದೆಡೆ ರಾಶಿ ಹಾಕಿ, ಇಂಥ ಜನ ಸ್ವರಾಜ್ಯಕ್ಕೆ ಯೋಗ್ಯರಲ್ಲ ಎಂಬ ಭಾವನೆ ಓದುವವರಲ್ಲಿ ಮೂಡುವಂತೆ ಅದನ್ನು ಬರೆಯಲಾಗಿತ್ತು. ಭಾರತದ ಆಡಳಿತ ಸುಧಾರಣೆಯನ್ನು ಪರಿಶೀಲಿಸಲು ಬ್ರಿಟಿಷ್ ಸರಕಾರ ಒಬ್ಬ ಭಾರತೀಯನೂ ಇಲ್ಲದ ಸೈಮನ್ ಆಯೋಗವನ್ನು ನೇಮಿಸಿದ್ದೂ ಅದೇ ವರ್ಷದಲ್ಲಿ. ದೇಶದ ಉದ್ದಗಲಕ್ಕೂ ಆಕ್ರೋಶ ಎದ್ದಿತು. ಗಾಂಧೀಜಿ ಆ ಪುಸ್ತಕವನ್ನು ಚರಂಡಿ ಪರೀಕ್ಷಕನ ವರದಿಯೆಂದು ಕರೆದದ್ದು ಎಲ್ಲರಿಗೂ ನೆನಪಿದೆ. ಅದೇ ಲೇಖನದಲ್ಲಿ ಅವರು ಹೇಳಿದ ಇನ್ನೊಂದು ಮಾತನ್ನು ಮಾತ್ರ ನಾವು ಮರೆತುಬಿಟ್ಟಿದ್ದೇವೆ. ಈ ಪುಸ್ತಕ ಅಮೆರಿಕನ್ನರ, ಇಂಗ್ಲಿಷರ ಮುಂದಿಡಲು ಯೋಗ್ಯವಲ್ಲ, ಆದರೆ ಭಾರತೀಯನಾದ ಪ್ರತಿಯೊಬ್ಬನೂ ಇದನ್ನು ಓದಿ ಒಂದಿಷ್ಟು ಪ್ರಯೋಜನ ಪಡೆಯಬಹುದು ಎಂದು ಅವರು ಬರೆದರು. ಬರೆದವಳ ಉದ್ದೇಶವನ್ನು ಖಂಡಿಸಲು ಅವರು ಹಿಂಜರಿಯಲಿಲ್ಲ, ಆಕೆ ತೋರಿಸಿದ ಕೊಳಕು ಇಲ್ಲವೇ ಇಲ್ಲ ಎಂದು ಸಾಧಿಸಲೂ ಹೋಗಲಿಲ್ಲ. ಮೇಯೊಳ ಪುಸ್ತಕವನ್ನು ವಿರೋಧಿಸಿದ ಭಾರತೀಯ ಮಹಿಳಾ ಸಂಘಟನೆಗಳೇ ಬಾಲ್ಯವಿವಾಹಕ್ಕೆ ಕಡಿವಾಣ ಹಾಕುವ ಮಸೂದೆಯ ಬೆನ್ನಿಗೂ ನಿಂತವು. 1929ರಲ್ಲಿ ಹುಡುಗಿಗೆ 14, ಹುಡುಗನಿಗೆ 18 ವರ್ಷ ಎಂಬ ಮಿತಿಯೊಂದಿಗೆ ಶಾರದಾ ಕಾಯಿದೆ ಬಂತು. ನನ್ನ ಮಟ್ಟಿಗೆ ಆ ಹೆಣ್ಣುಮಕ್ಕಳ ಅಭಿಮಾನವೇ ನಿಜವಾದ ಅಭಿಮಾನ. ಹೊರಗಿನವಳ ದುರುದ್ದೇಶಕ್ಕೆ ಒಂದು ಉತ್ತರ, ಒಳಗಿನ ಅನ್ಯಾಯಕ್ಕೆ ಇನ್ನೊಂದು ಉತ್ತರ ಎಂದು ಎರಡನ್ನೂ ಅವರು ಬೇರೆ ಬೇರೆಯಾಗಿಯೇ ಕೊಟ್ಟರು.

ನಮ್ಮದು ಮಾತ್ರ ಇಂಥ ತೆಳುವಾದ ಚರ್ಮವೆಂದು ಬೇಸರಪಡಬೇಕಾಗಿಲ್ಲ ಎಂಬುದನ್ನೂ ಇಲ್ಲಿ ಹೇಳಿಬಿಡುತ್ತೇನೆ. ಅಮೆರಿಕನ್ನರು ತಮ್ಮ ದೇಶದ ಬಗ್ಗೆ ಸಣ್ಣ ಟೀಕೆಯನ್ನೂ ಸಹಿಸುವುದಿಲ್ಲವೆಂದು ಫ್ರಾನ್ಸಿನ ಚಿಂತಕ ತೊಕ್ವಿಲ್ 1835ರಲ್ಲೇ ಬರೆದಿದ್ದ. 1842ರಲ್ಲಿ ಅಲ್ಲಿ ಸುತ್ತಾಡಿ ಹೋದ ಇಂಗ್ಲಿಷ್ ಕಾದಂಬರಿಕಾರ ಡಿಕನ್ಸ್, ಗುಲಾಮಗಿರಿಯ ಬಗ್ಗೆಯೂ ಕಂಡಕಂಡಲ್ಲಿ ತಂಬಾಕು ಉಗಿಯುವ ಚಟದ ಬಗ್ಗೆಯೂ ಬರೆದಾಗ ಅಲ್ಲಿನ ಪತ್ರಿಕೆಗಳು ಅವನ ಮೇಲೆ ಮುಗಿಬಿದ್ದವು. ಹೊಸದಾಗಿ ಎದ್ದುನಿಂತ ದೇಶಗಳಿಗೆಲ್ಲ ಈ ನೋವು ಇರುವಂತೆ ಕಾಣುತ್ತದೆ.

ನಿಮ್ಮ ಮನೆಗೆ ಬಂದ ಹುಡುಗ ಮಿಲ್ ಅಲ್ಲ, ಮೇಯೊ ಅಲ್ಲ. ಅವನ ಕೈಯಲ್ಲಿ ಅಧಿಕಾರವಿರಲಿಲ್ಲ, ಬಾಯಲ್ಲಿ ತಿರಸ್ಕಾರವೂ ಇದ್ದಂತಿಲ್ಲ, ಕಂಡದ್ದನ್ನು ಕೇಳಿದ. ತೋಡಿನ ಬದಿಯ ಪ್ಲಾಸ್ಟಿಕ್ ಕಣ್ಣಿಗೆ ಬೀಳುತ್ತದೆ ಎಂದು ನಿಮ್ಮ ತಮ್ಮನವರು ಅಲ್ಲೇ ಕುಳಿತು ಹೇಳಬಹುದಿತ್ತು. ತಾವು ಬರೆದ ಅರ್ಜಿಗಳ ಕಥೆಯನ್ನು, ಕೇರಳದ ಕಸ ಸಂಗ್ರಹಣಾ ತಂಡವಾದ ಹರಿತ ಕರ್ಮ ಸೇನೆಯ ಹೆಂಗಸರು ಮಳೆಯಲ್ಲೂ ಮನೆಮನೆಗೆ ಬಂದು ಪ್ಲಾಸ್ಟಿಕ್ ಸಂಗ್ರಹಿಸುವುದನ್ನು, ತಿಂಗಳಿಗೆ 50 ರೂಪಾಯಿ ಕೊಡಬೇಕಾಗುತ್ತದೆಂದು ಬಾಗಿಲು ಹಾಕಿಕೊಳ್ಳುವ ಮನೆಗಳೂ ಇರುವುದನ್ನು, ಬೇರೆ ಊರಿನ ವಾಹನಗಳು ರಾತ್ರಿ ಕಸದ ಚೀಲ ಎಸೆದು ಹೋಗುವುದನ್ನು ಅವನಿಗೆ ವಿವರಿಸಬಹುದಿತ್ತು. ಆಗ ಆ ಹುಡುಗನ ಎದುರಿಗೆ ಕೊಳಕಾದ ಒಂದು ದೇಶದ ಬದಲು, ಕೊಳಕಿನೊಡನೆ ಹೆಣಗಾಡುತ್ತಿರುವ ಒಬ್ಬ ಮನುಷ್ಯ ಕಾಣುತ್ತಿದ್ದ. ಎದ್ದುಹೋದದ್ದರಿಂದ ಅವನಿಗೆ ಕಂಡದ್ದು ಖಾಲಿ ಕುರ್ಚಿ ಮಾತ್ರ. ಮಾಡು ಸೋರುವುದು ಅತಿಥಿಗೆ ಕಂಡದ್ದರಲ್ಲಿ ಅವಮಾನವಿಲ್ಲ. ಮನೆಯವರಿಗೆ ಅದು ಗೊತ್ತಿಲ್ಲ ಎಂದು ಅವನು ಭಾವಿಸಿ ಹೋಗುವುದರಲ್ಲಿ ಇದೆ.

ಪ್ರಶ್ನೆ: ನಮ್ಮ ಕೃಷಿ, ಪರಿಸರ, ಆರೋಗ್ಯದ ಬಗ್ಗೆ ವಿದೇಶಿ ಸಂಸ್ಥೆಗಳು ವರದಿ ಬರೆಯುವಾಗ ಅದರ ಹಿಂದೆ ವ್ಯಾಪಾರದ ಹಿತಾಸಕ್ತಿ ಇರುತ್ತದೆ ಎಂದು ತಿಳಿದವರು ಹೇಳುತ್ತಾರೆ. ಹಾಗಿರುವಾಗ ಅಂಥ ವರದಿಗಳನ್ನು ಸಾರಾಸಗಟಾಗಿ ತಳ್ಳಿಹಾಕುವುದೇ ದೇಶಹಿತವಲ್ಲವೇ?
– ಓದುಗರು, ಪೆರ್ಲ

ಉತ್ತರ: ಈ ಪ್ರಶ್ನೆ ಪೆರ್ಲದಿಂದ ಬಂದದ್ದು ನನ್ನನ್ನು ಬಹಳ ಹೊತ್ತು ಯೋಚನೆಗೆ ಹಚ್ಚಿತು, ಏಕೆಂದರೆ ಇದರ ಉತ್ತರ ನಿಮ್ಮ ಎಣ್ಮಕಜೆ ಪಂಚಾಯತಿನ ಮಣ್ಣಿನಲ್ಲೇ ಇದೆ.

1970ರ ದಶಕದ ಕೊನೆಯಿಂದ 2000ದ ವರೆಗೆ ಕಾಸರಗೋಡಿನ ಗುಡ್ಡಗಳಲ್ಲಿರುವ ಸರಕಾರಿ ತೋಟಗಾರಿಕಾ ನಿಗಮದ ಗೇರು ತೋಟಗಳಿಗೆ, ಚಿಗುರು ಮತ್ತು ಹೂವನ್ನು ಹಾಳುಮಾಡುವ ಟೀ ಸೊಳ್ಳೆ ಎಂಬ ಕೀಟದ ಹಾವಳಿ ತಡೆಯಲೆಂದು, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಲಾಯಿತು. ನಮ್ಮ ಊರುಗಳ ರಚನೆಯನ್ನು ಬಲ್ಲವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ತೋಟ ಗುಡ್ಡದ ನೆತ್ತಿಯಲ್ಲಿ. ಮನೆ, ಅಂಗಳ, ಅಡಿಕೆ ತೋಟ, ಬಾವಿ, ತೋಡು ಎಲ್ಲವೂ ಕೆಳಗೆ ತಗ್ಗಿನಲ್ಲಿ. ಗುಡ್ಡದ ಹೊಟ್ಟೆಯನ್ನು ಅಡ್ಡಕ್ಕೆ ಕೊರೆದು ನೀರು ತರುವ ಸುರಂಗಗಳೇ ಎಷ್ಟೋ ಮನೆಗಳಿಗೆ ಕುಡಿಯುವ ನೀರಿನ ಆಧಾರ. ಸಿಂಪಡಣೆಯ ದಿನ ಬಾವಿಗಳನ್ನು ಮುಚ್ಚಿಡಿ ಎಂದರೆ ಬಾವಿಯ ಬಾಯಿಗೆ ಏನನ್ನಾದರೂ ಹೊದೆಸಬಹುದು. ಗುಡ್ಡದ ಮೇಲೆ ಬಿದ್ದ ವಿಷ ಮಣ್ಣಿನೊಳಗೆ ಇಳಿದು ಸುರಂಗದ ನೀರಿಗೆ ಸೇರುವುದನ್ನು ಯಾವ ಗೃಹಿಣಿ ಹೇಗೆ ತಡೆಯಬೇಕು?

ಇಲ್ಲಿ ಮೊದಲು ದನಿಯೆತ್ತಿದವರು ಯಾರು ಎಂಬುದನ್ನು ಗಮನಿಸಿ. ಕೃಷಿ ಪತ್ರಕರ್ತರಾದ ಶ್ರೀ ಪಡ್ರೆಯವರು 1980ರ ದಶಕದ ಆರಂಭದಲ್ಲೇ ಇದರ ಬಗ್ಗೆ ಬರೆದರು. ವಾಣಿನಗರದ ವೈದ್ಯರಾದ ಡಾ. ವೈ.ಎಸ್. ಮೋಹನ್ ಕುಮಾರ್ ಅವರು, ತಮ್ಮಲ್ಲಿಗೆ ಬರುವ ಒಂದೇ ಪ್ರದೇಶದ ರೋಗಿಗಳಲ್ಲಿ ಅಪಸ್ಮಾರ, ಬುದ್ಧಿಮಾಂದ್ಯ, ಹುಟ್ಟಿನಿಂದಲೇ ಬಂದ ಅಂಗವೈಕಲ್ಯಗಳು ಅಸಹಜವಾಗಿ ಹೆಚ್ಚಿರುವುದನ್ನು ಗುರುತಿಸಿದರು. ಪೆರಿಯದಲ್ಲಿ ಕೃಷಿ ಇಲಾಖೆಯ ಉದ್ಯೋಗಿಯಾಗಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯದಿಂದ ವೈಮಾನಿಕ ಸಿಂಪಡಣೆಗೆ ತಡೆಯಾಜ್ಞೆ ತಂದರು. ಮುಂದೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪಡ್ರೆ ಗ್ರಾಮದಲ್ಲಿ ಅಧ್ಯಯನ ನಡೆಸಿತು. ಇವರಲ್ಲಿ ಒಬ್ಬರೂ ಪರದೇಶದವರಲ್ಲ. ಇವರ ಮಾತು ದೆಹಲಿಯ ಕಿವಿಗೆ ಬೀಳಲು ದಶಕಗಳೇ ಬೇಕಾದವು.

ಅಷ್ಟರಲ್ಲಿ, ಬಹುಕಾಲ ನಾಶವಾಗದೆ ಉಳಿಯುವ ವಿಷರಾಸಾಯನಿಕಗಳನ್ನು ತಡೆಯುವ ಅಂತಾರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ಅಡಿಯಲ್ಲಿ ಎಂಡೋಸಲ್ಫಾನನ್ನು ಜಗತ್ತಿನಾದ್ಯಂತ ನಿಷೇಧಿಸುವ ಪ್ರಸ್ತಾಪ ಬಂತು. ಆಗ ಅದರ ಅತಿದೊಡ್ಡ ಉತ್ಪಾದಕ ದೇಶವಾಗಿದ್ದ ಭಾರತದ ಪ್ರತಿನಿಧಿಗಳು ಸಭೆಯಿಂದ ಸಭೆಗೆ ಅದನ್ನು ವಿರೋಧಿಸುತ್ತ ಬಂದರು. ನೀವು ಹೇಳುವ ವಾದವನ್ನೇ ಕೀಟನಾಶಕ ಉದ್ಯಮ ಆಗ ದೇಶದ ಮುಂದಿಟ್ಟಿತು: ಹಳೆಯ, ಅಗ್ಗದ ಔಷಧಿಯನ್ನು ಓಡಿಸಿ ತಮ್ಮ ಹೊಸ, ದುಬಾರಿ ಔಷಧಿಯನ್ನು ನಮ್ಮ ರೈತರಿಗೆ ಮಾರಲು ಯುರೋಪಿನವರು ಹೂಡಿದ ಸಂಚು ಇದು ಎಂದು. ಯುರೋಪಿನ ಕಂಪನಿಗಳಿಗೆ ಲಾಭದ ಲೆಕ್ಕಾಚಾರ ಇರಲಿಲ್ಲವೆಂದು ನಾನು ಹೇಳುವುದಿಲ್ಲ. 1950ರ ದಶಕದಲ್ಲಿ ಈ ವಿಷವನ್ನು ಮೊದಲು ತಯಾರಿಸಿ ಜಗತ್ತಿಗೆ ಮಾರಿದ್ದೂ ಜರ್ಮನಿಯ ಕಂಪನಿಯೇ. ಆದರೆ ಹೇಳುವವನಿಗೆ ಲಾಭವಿದೆಯೇ ಎಂಬುದು ಒಂದು ಪ್ರಶ್ನೆ, ಹೇಳಿದ್ದು ನಿಜವೇ ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ಹೌದು ಎಂದ ಮಾತ್ರಕ್ಕೆ ಎರಡನೆಯದಕ್ಕೆ ಇಲ್ಲ ಎಂದಾಗುವುದಿಲ್ಲ. ಸುರಂಗದ ನೀರಿನಲ್ಲಿರುವ ವಿಷಕ್ಕೆ ಅದನ್ನು ಪತ್ತೆ ಮಾಡಿದವರ ಪಾಸ್‌ಪೋರ್ಟ್ ಯಾವ ದೇಶದ್ದೆಂಬುದು ಗೊತ್ತಿರುವುದಿಲ್ಲ.

2011ರ ಏಪ್ರಿಲ್ ಕೊನೆಯಲ್ಲಿ ಜಿನೀವಾದಲ್ಲಿ, ಕೆಲವು ವಿನಾಯಿತಿಗಳೊಂದಿಗೆ, ನಿಷೇಧಕ್ಕೆ ಒಪ್ಪಿಗೆಯಾಯಿತು. ಅದೇ ವರ್ಷದ ಮೇ 13ರಂದು ನಮ್ಮ ಸುಪ್ರೀಂ ಕೋರ್ಟು ದೇಶದೊಳಗೆ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಹಿಡಿಯಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರವನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಅದೇ ನ್ಯಾಯಾಲಯ ಹೇಳಿದ್ದು 2017ರ ಜನವರಿಯಲ್ಲಿ. ಆ ಹಣಕ್ಕಾಗಿ ತಾಯಂದಿರು ಅದರ ನಂತರವೂ ಮಕ್ಕಳನ್ನು ಎತ್ತಿಕೊಂಡು ತಿರುವನಂತಪುರದ ಸೆಕ್ರೆಟರಿಯೇಟಿನ ಮುಂದೆ ಕೂರಬೇಕಾಯಿತು.

ಆದ್ದರಿಂದ, ಇದು ವಿದೇಶಿ ಸಂಚು ಎಂಬ ಮಾತು ಕೇಳಿದಾಗಲೆಲ್ಲ ನಾನು ಮೊದಲು ಕೇಳಿಕೊಳ್ಳುವುದು ಇಷ್ಟು: ಈ ಟೀಕೆಯನ್ನು ನಾವು ತಳ್ಳಿಹಾಕಿದರೆ ಅದರ ಬೆಲೆ ತೆರುವವರು ಯಾರು? ದೇಶದ ಗೌರವದ ಹೆಸರಿನಲ್ಲಿ ಜಿನೀವಾದಲ್ಲಿ ಮಾತನಾಡಿದವರ್ಯಾರೂ ಪಡ್ರೆಯ ಸುರಂಗದ ನೀರು ಕುಡಿದವರಲ್ಲ. ಆ ನೀರು ಕುಡಿದವರೂ ಭಾರತೀಯರೇ ಆಗಿದ್ದರು. ಅವರ ಮಟ್ಟಿಗೆ ದೇಶದ ಗೌರವವೆಂದರೆ ಮಗುವನ್ನು ನೋಡಲು ಒಬ್ಬ ಅಧಿಕಾರಿ ಮನೆಬಾಗಿಲಿಗೆ ಬರುವುದಾಗಿತ್ತು. ವಿದೇಶಿ ವರದಿಯನ್ನು ಕಣ್ಣುಮುಚ್ಚಿ ನಂಬಬೇಡಿ. ಅದರ ಅಂಕಿಅಂಶಗಳನ್ನು ಜಾಲಾಡಿ, ಹಣ ಕೊಟ್ಟವರು ಯಾರೆಂದು ನೋಡಿ. ಆಮೇಲೆ ಅದರಲ್ಲಿ ಹೆಸರಿಸಿದ ಊರಿಗೆ ಹೋಗಿ ಅಲ್ಲಿಯವರನ್ನು ಕೇಳಿ. ಓದದೆ ತಳ್ಳಿಹಾಕುವುದರಿಂದ ಅನುಕೂಲವಾಗುವುದು ತಪ್ಪು ಮಾಡಿದವರಿಗೆ ಮಾತ್ರ.

ಪ್ರಶ್ನೆ: ವಿದೇಶಿಯರು ನಮ್ಮನ್ನು ಹೊಗಳಿದ ಸುದ್ದಿಯನ್ನು ಮನೆಮಂದಿಯೆಲ್ಲ ಮೊಬೈಲಿನಲ್ಲಿ ಹಂಚಿಕೊಳ್ಳುತ್ತಾರೆ. ಇದರಲ್ಲಿ ತಪ್ಪೇನಾದರೂ ಇದೆಯೇ?
– ಓದುಗರು, ಉಪ್ಪಳ

ಉತ್ತರ: ಸಂತೋಷಪಡುವುದರಲ್ಲಿ ತಪ್ಪಿಲ್ಲ. ಆದರೆ ಟೀಕೆ ಬಂದಾಗ ಅವರಿಗೆ ನಮ್ಮ ಬಗ್ಗೆ ಏನು ಗೊತ್ತು ಎಂದು ಕೇಳುವ ನಾವು ಹೊಗಳಿಕೆ ಬಂದಾಗ ಅದೇ ಪ್ರಶ್ನೆಯನ್ನು ಕೇಳುವುದಿಲ್ಲ. ನಮ್ಮ ರಾಷ್ಟ್ರಗೀತೆಯನ್ನು ಪ್ಯಾರಿಸಿನಲ್ಲಿರುವ ಯುನೆಸ್ಕೊ ಜಗತ್ತಿನಲ್ಲೇ ಶ್ರೇಷ್ಠವೆಂದು ಘೋಷಿಸಿದೆ ಎಂಬ ಸುಳ್ಳು ಸಂದೇಶ ವರ್ಷಗಟ್ಟಲೆ ಸುತ್ತಾಡಿತು. ಅಂಥ ಘೋಷಣೆ ಮಾಡಿಯೇ ಇಲ್ಲವೆಂದು ಆ ಸಂಸ್ಥೆ ತಿಳಿಸಿದ ಮೇಲೂ ಪ್ರತಿ ಆಗಸ್ಟ್ ತಿಂಗಳಲ್ಲಿ ಅದು ಮತ್ತೆ ಬರುತ್ತದೆ. ಶಾಲೆಯ ಅಂಗಳದಲ್ಲಿ ಮಕ್ಕಳು ಹಾಡುವ ಗೀತೆಗೆ ಪ್ಯಾರಿಸಿನ ಪ್ರಮಾಣಪತ್ರ ಬೇಕೆಂದು ನಮಗೆ ಅನ್ನಿಸುವುದು ನನಗೆ ದುಃಖದ ಸಂಗತಿ. ಹೊರಗಿನವರ ಮೆಚ್ಚುಗೆಗೆ ಇಷ್ಟು ಹಸಿದವರಿಗೆ ಅವರ ಟೀಕೆಯೂ ಅಷ್ಟೇ ಆಳವಾಗಿ ನಾಟುತ್ತದೆ. ಮಕ್ಕಳಿಗೆ ಕಲಿಸುವುದಿದ್ದರೆ, ಹೊಗಳಿಕೆಯ ಸುದ್ದಿ ಬಂದಾಗಲೂ ಅದು ನಿಜವೇ ಎಂದು ವಿಚಾರಿಸುವುದನ್ನು ಮೊದಲು ಕಲಿಸಿ.

ಪ್ರಶ್ನೆ: ನಾವು ಕಾಸರಗೋಡಿನ ಕನ್ನಡಿಗರು ಶಾಲೆ, ಕಚೇರಿಗಳಲ್ಲಿ ಭಾಷೆಯ ತೊಂದರೆಯನ್ನು ಹೇಳಿಕೊಂಡರೆ, ಕಷ್ಟವಾದರೆ ಮಂಗಳೂರಿಗೆ ಹೋಗಿ ಎನ್ನುವವರಿದ್ದಾರೆ. ಹೊರಗಿನವರ ಟೀಕೆಯ ಬಗ್ಗೆ ಮಾತನಾಡುವಾಗ ನಮ್ಮ ಈ ಅನುಭವಕ್ಕೂ ಜಾಗವಿದೆಯೇ?
– ಓದುಗರು, ಕುಂಬಳೆ

ಉತ್ತರ: ಖಂಡಿತ ಇದೆ, ಈ ಸಲದ ಪತ್ರಗಳಲ್ಲಿ ನನ್ನ ಮನಸ್ಸಿಗೆ ಅತಿ ಹತ್ತಿರವಾದದ್ದು ನಿಮ್ಮದು. 1956ರ ನವೆಂಬರ್ 1ರಂದು ಗಡಿರೇಖೆ ನಮ್ಮ ಮನೆಗಳ ಮೇಲೆ ಹಾದುಹೋಯಿತೇ ಹೊರತು ನಾವು ಮನೆ ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ಮಂಜೇಶ್ವರದ ಗೋವಿಂದ ಪೈಗಳೂ ಕಯ್ಯಾರ ಕಿಞ್ಞಣ್ಣ ರೈಗಳೂ ತಾವು ಬರೆದ ನೆಲದಲ್ಲೇ ಉಳಿದರು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಗಡಿ ವಿವಾದವನ್ನು ಪರಿಶೀಲಿಸಿದ ಮಹಾಜನ ಆಯೋಗ 1967ರಲ್ಲಿ ಹೇಳಿದ್ದು ಕಾಗದದಲ್ಲೇ ಉಳಿಯಿತು, ನಾವು ಕೇರಳದ ಪ್ರಜೆಗಳಾಗಿ ತೆರಿಗೆ ಕಟ್ಟುತ್ತ, ಮತ ಹಾಕುತ್ತ ಬಂದೆವು. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ಬಂದಾಗ ಮಕ್ಕಳೂ ಪಾಲಕರೂ ಪ್ರತಿಭಟಿಸಿದ್ದು ಕೇರಳದ ಮೇಲಿನ ದ್ವೇಷದಿಂದಲ್ಲ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯ್ನುಡಿಯಲ್ಲಿ ಕಲಿಯುವ ಅವಕಾಶ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿಯೇ ಹೇಳುತ್ತದೆ. ನ್ಯಾಯವಾದ ದೂರೊಂದನ್ನು, ನೀನು ಹೊರಗಿನವನು ಎಂಬ ಒಂದೇ ಮಾತಿನಿಂದ ಬಾಯಿ ಮುಚ್ಚಿಸಿದರೆ ಹೇಗಿರುತ್ತದೆ ಎಂಬುದನ್ನು ನಮಗಿಂತ ಚೆನ್ನಾಗಿ ಬಲ್ಲವರು ಕಡಿಮೆ. ಹಾಗೆ ಅನುಭವಿಸಿದವರು ಅದೇ ಮಾತನ್ನು ಇನ್ನೊಬ್ಬನ ಮೇಲೆ ಪ್ರಯೋಗಿಸುವ ಮೊದಲು ನೂರು ಬಾರಿ ಯೋಚಿಸಬೇಕು, ಆ ಇನ್ನೊಬ್ಬ ಜರ್ಮನಿಯವನಾಗಿರಲಿ, ಗಡಿಯಾಚೆಯ ನೆರೆಯವನಾಗಿರಲಿ.

ಹೊರಗಿನವರೆಲ್ಲ ಒಂದೇ ಬಗೆಯವರಲ್ಲ ಎಂಬುದಕ್ಕೂ ನಮ್ಮ ಕರಾವಳಿಯಲ್ಲೇ ಸಾಕ್ಷಿಯಿದೆ. ಜರ್ಮನಿಯಿಂದ ಮತಪ್ರಚಾರಕ್ಕೆ ಬಂದ ಬಾಸೆಲ್ ಮಿಶನ್ನಿನ ಕಿಟೆಲ್‌ಗೆ ನಮ್ಮ ಪೂಜೆ, ಆಚಾರಗಳ ಬಗ್ಗೆ ಒಪ್ಪಿಗೆಯಿರಲಿಲ್ಲ. ಅದೇ ಕಿಟೆಲ್ ದಶಕಗಳ ಕಾಲ ದುಡಿದು 1894ರಲ್ಲಿ ಮಂಗಳೂರಿನಿಂದ ಹೊರತಂದ ನಿಘಂಟನ್ನು ನಮ್ಮ ಪಂಡಿತರು ಎದೆಗಪ್ಪಿಕೊಂಡರು. ಅವನ ಮತವನ್ನು ಒಪ್ಪದೆ ಅವನ ದುಡಿಮೆಯನ್ನು ಒಪ್ಪುವುದು ಅವರಿಗೆ ಕಷ್ಟವಾಗಲಿಲ್ಲ.

ಪ್ರಶ್ನೆ: ವಿದೇಶಿ ಪತ್ರಿಕೆಯೊಂದು ಭಾರತದ ಹಳ್ಳಿಗಳ ಬಗ್ಗೆ ಬರೆದ ಲೇಖನದಲ್ಲಿ ಕೆಲವು ತಪ್ಪುಗಳಿವೆ. ನಮ್ಮ ಕಾಲೇಜಿನ ಗೆಳೆಯರು ಅದನ್ನು ನಿಷೇಧಿಸಬೇಕೆಂದು ಮನವಿ ಬರೆಯೋಣ ಎನ್ನುತ್ತಾರೆ. ನಿಮ್ಮ ಸಲಹೆ ಏನು?
– ವಿದ್ಯಾರ್ಥಿನಿ, ಮಂಜೇಶ್ವರ

ಉತ್ತರ: ಮನವಿಯ ಬದಲು ಆ ಪತ್ರಿಕೆಯ ಸಂಪಾದಕರಿಗೆ ಪತ್ರ ಬರೆಯಿರಿ. ಫ್ರಾನ್ಸಿನ ಲೂಯಿ ಮಾಲ್ ತೆಗೆದ ಭಾರತದ ಸಾಕ್ಷ್ಯಚಿತ್ರಗಳನ್ನು ಬಿಬಿಸಿ ಪ್ರಸಾರ ಮಾಡಿದ್ದಕ್ಕಾಗಿ ನಮ್ಮ ಸರಕಾರ 1970ರಲ್ಲಿ ದೆಹಲಿಯ ಬಿಬಿಸಿ ಕಚೇರಿಯನ್ನೇ ಮುಚ್ಚಿಸಿತು. ಇದರಿಂದ ಆ ಚಿತ್ರಗಳ ಹೆಸರು ಜಗತ್ತಿಗೆಲ್ಲ ತಿಳಿಯಿತು, ಅವುಗಳಲ್ಲಿ ಕಂಡ ಬಡವರ ಬದುಕು ಮಾತ್ರ ಇದ್ದಲ್ಲೇ ಇತ್ತು. ಮೇಯೊಳ ಪುಸ್ತಕಕ್ಕೆ ಲಾಲಾ ಲಜಪತರಾಯರು ಉತ್ತರಿಸಿದ್ದು ಇನ್ನೊಂದು ಪುಸ್ತಕದಿಂದ. ಆಕೆಯ ಒಂದೊಂದೇ ಆರೋಪವನ್ನು ಎತ್ತಿಕೊಂಡು, ದಾಖಲೆಗಳನ್ನು ಮುಂದಿಟ್ಟು, 1928ರಲ್ಲಿ ಅದನ್ನು ಪ್ರಕಟಿಸಿದರು. ನೀವೂ ಹಾಗೆಯೇ ಮಾಡಿ. ಲೇಖನದ ಯಾವ ವಾಕ್ಯ ತಪ್ಪೆಂದು ಗುರುತಿಸಿ ಬರೆಯಿರಿ, ಸರಿಯಾದ ಅಂಕಿಯನ್ನು ಜನಗಣತಿಯಿಂದಲೋ ಪಂಚಾಯತಿನ ದಾಖಲೆಯಿಂದಲೋ ತೆಗೆದು ಕೊಡಿ. ಕೋಪದ ವಿಶೇಷಣಗಳನ್ನು ಎರಡನೆಯ ಪ್ರತಿಯಲ್ಲಿ ತೆಗೆದುಹಾಕಿ. ಲೇಖನದಲ್ಲಿ ಸರಿಯಾಗಿರುವ ಸಂಗತಿಗಳಿದ್ದರೆ ಅವು ಸರಿ ಎಂದು ಅದೇ ಪತ್ರದಲ್ಲಿ ಒಪ್ಪಿಕೊಳ್ಳಿ. ಆಗ ಉಳಿದ ತಿದ್ದುಪಡಿಯನ್ನು ಸಂಪಾದಕರು ನಂಬುತ್ತಾರೆ. ಹಾಗೆ ಒಪ್ಪಿಕೊಂಡ ಸಂಗತಿಗಳು ನಿಮ್ಮ ಊರಿನಲ್ಲೂ ಇದ್ದರೆ, ಪತ್ರದ ಇನ್ನೊಂದು ಪ್ರತಿಯನ್ನು ಕನ್ನಡದಲ್ಲಿ ಬರೆದು ಪಂಚಾಯತಿನ ಕಾರ್ಯದರ್ಶಿಯವರಿಗೆ ಕೊಡಿ, ಅರ್ಜಿ ತಲುಪಿದ್ದಕ್ಕೆ ರಶೀದಿಯನ್ನೂ ಕೇಳಿ ಪಡೆಯಿರಿ.